ಬಿಚ್ಚಿಟ್ಟ ಕಾರನ್ನು ಮಾರುವಾಗ



ಹಿತ್ತಿಲ ಶೆಡ್ಡಿನಲ್ಲಿ ಒಂದು ಹಳೆಯ ಕಾರು. ಮೇಲೆ ಬಣ್ಣ ಮಾಸಿದ ಟಾರ್ಪಾಲು, ಚಕ್ರಗಳ ಜಾಗದಲ್ಲಿ ಸೈಜುಗಲ್ಲು. ಒಳಗೆ ಸೀಟುಗಳಿಲ್ಲ, ಕಳಚಿದ ಬಾಗಿಲು, ಬಂಪರು, ರಟ್ಟಿನ ಡಬ್ಬಗಳು ಆ ಜಾಗ ತುಂಬಿವೆ. ಮನೆಯವರೊಬ್ಬರು ಯಾವುದೋ ಕಾಲದಲ್ಲಿ ಆಸೆಪಟ್ಟು ಬಿಚ್ಚಿದ್ದು. ಮತ್ತೆ ಜೋಡಿಸಿ ಓಡಿಸಬೇಕು ಅಂದುಕೊಂಡಿದ್ದವರಿಗೆ ವರ್ಗವಾಯಿತು, ಇಲ್ಲವೇ ಮಗಳ ಮದುವೆ ಬಂತು, ಸೊಂಟ ಹಿಡಿದುಕೊಂಡಿತು, ನೆಚ್ಚಿಕೊಂಡಿದ್ದ ಮೇಸ್ತ್ರಿ ಊರು ಬಿಟ್ಟ. ಕೆಲಸ ಅಲ್ಲಿಗೇ ನಿಂತಿತು. ನಮ್ಮ ಊರುಗಳಲ್ಲಿ ಇಂಥ ಕಾರುಗಳು ಇನ್ನೂ ಇವೆ. ಅವನ್ನು ಮಾರುವುದು ಹೇಗೆ, ಯಾರಿಗೆ, ಏನು ಹೇಳಿ ಮಾರಬೇಕು ಅನ್ನುವುದೇ ಇವತ್ತಿನ ನನ್ನ ಮಾತು.

ಮಾರುವ ಮಾತೆತ್ತಿದರೆ ಬಹಳ ಮಂದಿಗೆ ಸಂಕಟ. ಅಪ್ಪನ ಕಾರು, ತಾತನ ಕಾರು, ಕೈಯಾರೆ ಬಿಚ್ಚಿದ ಕಾರು, ಕೈಬಿಟ್ಟಂತಾಗುತ್ತದಲ್ಲ ಅನ್ನುತ್ತಾರೆ. ಆ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಹಳೆಯ ಕಾರುಗಳ ನಡುವೆ ಓಡಾಡಿಕೊಂಡು ನಾನು ಕಂಡುಕೊಂಡದ್ದು ಇಷ್ಟು: ಅರ್ಧಕ್ಕೆ ನಿಂತ ಕಾರು ಉಳಿಯಬೇಕಾದರೆ ಅದನ್ನು ಹೊತ್ತಿಗೆ ಸರಿಯಾಗಿ, ಎಲ್ಲವನ್ನೂ ಬಾಯಿಬಿಟ್ಟು ಹೇಳಿ, ಮುಗಿಸಬಲ್ಲವರ ಕೈಗೆ ಕೊಡಬೇಕು. ಹೊತ್ತಿಗೆ ಸರಿಯಾಗಿ ಅನ್ನುವುದಕ್ಕೆ ಕಾರಣವಿದೆ. ಶೆಡ್ಡಿನಲ್ಲಿ ನಿಂತ ಕಾರಿನ ಕಬ್ಬಿಣವನ್ನು ತುಕ್ಕು ತಿಂದುಹಾಕಲು ವರ್ಷಗಳು ಬೇಕು. ಬಿಚ್ಚಿದವರ ನೆನಪು ಅದಕ್ಕಿಂತ ಬೇಗ ಹೋಗುತ್ತದೆ. ಯಾವ ಬೋಲ್ಟು ಯಾವ ತೂತಿನದು, ಯಾವ ವೈರು ಯಾವ ದೀಪಕ್ಕೆ ಹೋಗುತ್ತಿತ್ತು, ಎಂಜಿನ್ ಇಳಿಸಿದ್ದು ಹೊಗೆ ಬರುತ್ತಿತ್ತು ಅಂತಲೋ ಸದ್ದು ಮಾಡುತ್ತಿತ್ತು ಅಂತಲೋ, ಗೇರ್‌ಬಾಕ್ಸ್ ಚೆನ್ನಾಗಿತ್ತೋ ಅಥವಾ ಮೂರನೇ ಗೇರಿನಿಂದ ಜಾರುತ್ತಿತ್ತೋ, ಇದೆಲ್ಲ ಒಬ್ಬರ ತಲೆಯಲ್ಲಿ ಮಾತ್ರ ಇರುತ್ತದೆ. ಆ ಒಬ್ಬರು ಹೋದ ಮೇಲೆ ಉಳಿಯುವುದು ಡಬ್ಬಗಳು. ಡಬ್ಬಗಳನ್ನು ನೋಡಿ ಕಾರಿಗೆ ಏನಾಗಿತ್ತು ಎಂದು ಯಾವ ಮೆಕ್ಯಾನಿಕ್ಕೂ ಹೇಳಲಾರ.

ಒಂದು ಕಾರನ್ನೇ ಹಿಡಿದು ಮಾತನಾಡಿದರೆ ವಿಷಯ ಸ್ಪಷ್ಟವಾಗುತ್ತದೆ. ನಾನು ಸ್ಟ್ಯಾಂಡರ್ಡ್ ಹೆರಾಲ್ಡನ್ನು ಆರಿಸಿಕೊಳ್ಳುತ್ತೇನೆ. 1960ರ ದಶಕದಲ್ಲಿ ನಮ್ಮ ದೇಶದ ಮಧ್ಯಮ ವರ್ಗದವರಿಗೆ ಹೊಸ ಕಾರು ಅಂದರೆ ಮೂರೇ ಹೆಸರು. ಕಲ್ಕತ್ತೆಯ ಹತ್ತಿರದ ಉತ್ತರಪಾರಾದ ಅಂಬಾಸಡರ್, ಬೊಂಬಾಯಿಯ ಫಿಯಟ್, ಮದರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡ್. ಹೆರಾಲ್ಡ್ ಮೂಲತಃ ಇಂಗ್ಲೆಂಡಿನ ಟ್ರಯಂಫ್ ಕಂಪನಿಯದು, 1959ರಲ್ಲಿ ಹೊರಬಂದದ್ದು. ಅದರ ಅಂದಚಂದ ಇಟಲಿಯ ಜೊವಾನ್ನಿ ಮಿಕೆಲೊಟ್ಟಿ ಅವರ ಕೈಯದು. 1961ರಿಂದ ಮದರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಇದನ್ನು ಇಲ್ಲಿ ತಯಾರಿಸತೊಡಗಿತು. 948 ಸಿಸಿಯ ಪುಟ್ಟ ಎಂಜಿನ್, ಮೊದಲು ಎರಡು ಬಾಗಿಲು. ಆಮೇಲೆ ನಮ್ಮ ದೊಡ್ಡ ಸಂಸಾರಗಳಿಗೆಂದು ನಾಲ್ಕು ಬಾಗಿಲಿನದೂ ಬಂತು. ಆ ನಾಲ್ಕು ಬಾಗಿಲಿನ ಹೆರಾಲ್ಡ್ ಇಂಗ್ಲೆಂಡಿನವರಿಗೂ ಸಿಗದ, ಭಾರತದಲ್ಲಿ ಮಾತ್ರ ಆದ ಕಾರು.

ಹೆರಾಲ್ಡೇ ಯಾಕೆ ಅಂದರೆ, ಬಿಚ್ಚಿಟ್ಟ ಸ್ಥಿತಿಯಲ್ಲಿ ಸಿಗುವ ಕಾರುಗಳಿಗೆ ಅದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಅಂಬಾಸಡರಿನಲ್ಲೂ ಫಿಯಟ್ಟಿನಲ್ಲೂ ಬಾಡಿಯೇ ಕಾರಿನ ಬೆನ್ನೆಲುಬು, ಎಲ್ಲ ಬೆಸುಗೆ ಹಾಕಿ ಒಂದಾದದ್ದು. ಹೆರಾಲ್ಡಿನಲ್ಲಿ ಚಾಸಿ ಬೇರೆ, ಬಾಡಿ ಬೇರೆ. ಬಾಡಿಯೂ ಒಂದೇ ತುಂಡಲ್ಲ. ಮುಂಭಾಗ, ಹಿಂಭಾಗ, ಮೇಲಿನ ಟಾಪು ಎಲ್ಲವನ್ನೂ ಬೋಲ್ಟು ಹಾಕಿ ಕೂಡಿಸಿದ್ದಾರೆ. ಬಾನೆಟ್ ಎತ್ತಿದರೆ ಎರಡೂ ಕಡೆಯ ಮಡ್ಗಾರ್ಡ್, ಹೆಡ್‌ಲೈಟುಗಳ ಸಮೇತ ಇಡೀ ಮೂತಿಯೇ ಮುಂದಕ್ಕೆ ಬಾಗಿಕೊಳ್ಳುತ್ತದೆ. ಮುಂದಿನ ಟೈರಿನ ಮೇಲೆ ಕುಳಿತು ಎಂಜಿನ್ ಕೆಲಸ ಮಾಡಬಹುದು. ಕೈಯಲ್ಲಿ ಒಂದು ಸೆಟ್ ಸ್ಪ್ಯಾನರ್ ಇದ್ದರೆ, ಇಬ್ಬರು ಸೇರಿ ಇಡೀ ಕಾರನ್ನು ಕಳಚಿ ಇಡಬಹುದು. ಆ ಸಲೀಸೇ ಎಷ್ಟೋ ಹೆರಾಲ್ಡುಗಳನ್ನು ಶೆಡ್ಡಿಗೆ ಸೇರಿಸಿದೆ. ಬಿಚ್ಚುವುದು ಸುಲಭ ಅನ್ನುವ ಧೈರ್ಯದಲ್ಲಿ ಬಿಚ್ಚುತ್ತಾರೆ. ಕೂಡಿಸುವಾಗ ಬಾಗಿಲು ಹಾಕಿಕೊಳ್ಳುವುದಿಲ್ಲ.

ಬಾಗಿಲು ಯಾಕೆ ಹಾಕಿಕೊಳ್ಳುವುದಿಲ್ಲ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ನನ್ನ ಮಾತಿನ ತಿರುಳು ಅಲ್ಲಿದೆ. ಬಾಡಿಯನ್ನು ಚಾಸಿಯ ಮೇಲೆ ಕೂರಿಸುವ ಪ್ರತಿಯೊಂದು ಬೋಲ್ಟಿನ ಕೆಳಗೂ ಪ್ಯಾಕಿಂಗ್ ಇರುತ್ತದೆ. ಕೆಲವು ಕಡೆ ರಬ್ಬರು, ಕೆಲವು ಕಡೆ ತಗಡಿನ ತೆಳು ಬಿಲ್ಲೆಗಳು. ಒಂದು ಮೂಲೆಯಲ್ಲಿ ಒಂದು ಬಿಲ್ಲೆ ಇದ್ದರೆ ಇನ್ನೊಂದು ಮೂಲೆಯಲ್ಲಿ ಮೂರು. ಕಾರ್ಖಾನೆಯಲ್ಲಿ ಬಾಗಿಲಿನ ಸಂದು ನೋಡಿಕೊಂಡು, ಆ ಕಾರಿಗೆ ಬೇಕಾದಂತೆ ಹಾಕಿದ್ದು. ಎರಡು ಹೆರಾಲ್ಡುಗಳ ಲೆಕ್ಕ ಒಂದೇ ಇರಬೇಕೆಂದಿಲ್ಲ. ಬಿಚ್ಚಿದವರು ಈ ಬಿಲ್ಲೆಗಳನ್ನೆಲ್ಲ ಒಂದೇ ಡಬ್ಬಕ್ಕೆ ಸುರಿದರೆ ಆ ಲೆಕ್ಕ ಅಲ್ಲಿಗೆ ಮುಗಿಯಿತು. ಮುಂದೆ ಜೋಡಿಸುವವನು ಬಾಗಿಲು ಹಾಕಿ ತೆಗೆದು, ಬಾಡಿ ಎತ್ತಿ ಇಳಿಸಿ, ಮತ್ತೆ ಮೊದಲಿನಿಂದ ಆ ಲೆಕ್ಕವನ್ನು ಕಂಡುಹಿಡಿಯಬೇಕು. ಬಿಚ್ಚುವಾಗ ಚೀಟಿ ಬರೆದು ಕಟ್ಟಿಟ್ಟಿದ್ದರೆ, ಆ ಚೀಟಿಗಳಿಗೆ ಹೊಸ ಬಣ್ಣಕ್ಕಿಂತ ಹೆಚ್ಚು ಬೆಲೆ.

ಹಾಸನದಲ್ಲಿ ಒಬ್ಬ ನಿವೃತ್ತ ಮೇಷ್ಟ್ರ ಮನೆಯಲ್ಲಿ ಇಂಥ ಚೀಟಿಗಳನ್ನು ಕಂಡೆ. ಅವರ ತಂದೆಯ ಕಾಲದ ಹೆರಾಲ್ಡ್. ಕೊಳ್ಳಲು ಬಂದವನು ಬೆಂಗಳೂರಿನ ಪೀಣ್ಯದಲ್ಲಿ ಲೇತ್ ಇಟ್ಟುಕೊಂಡ ಹುಡುಗ. ಇಬ್ಬರಿಗೂ ಪರಿಚಯವೆಂದು ನಾನು ಜೊತೆಗೆ ಹೋಗಿದ್ದೆ. ನಟ್ಟು ಬೋಲ್ಟುಗಳೆಲ್ಲ ಹಾರ್ಲಿಕ್ಸ್ ಬಾಟಲಿಗಳಲ್ಲಿ, ಪ್ರತಿ ಬಾಟಲಿಯೊಳಗೂ ಒಂದು ಚೀಟಿ. ಜೊತೆಗೆ ಒಂದು ಇನ್ನೂರು ಪುಟದ ನೋಟ್‌ಬುಕ್ಕು. ಅದರಲ್ಲಿ ಮೇಷ್ಟ್ರ ಗುಂಡು ಅಕ್ಷರದಲ್ಲಿ, "ಎಡಗಡೆ, ಹಿಂದಿನ ಮೂಲೆ, ಬಿಲ್ಲೆ 3. ಬಲಗಡೆ, ಹಿಂದಿನ ಮೂಲೆ, ಬಿಲ್ಲೆ 1, ರಬ್ಬರು ಹರಿದಿದೆ," ಹೀಗೆ ಪುಟಗಟ್ಟಲೆ. ಪಕ್ಕದಲ್ಲಿ ಪೆನ್ಸಿಲ್ಲಿನ ಚಿತ್ರ.

ಹುಡುಗ ಕೇಳಿದ, "ಮೇಷ್ಟ್ರೇ, ಎಂಜಿನ್ ತಿರುಗುತ್ತಾ?"

"ತಿರುಗತ್ತಪ್ಪ. ಹೆಡ್ ಬಿಚ್ಚಿಟ್ಟಿದೀನಿ, ಮುಂದಿನ ಪುಲ್ಲಿಗೆ ಸ್ಪ್ಯಾನರ್ ಹಾಕಿದ್ರೆ ತಿರುಗತ್ತೆ. ಆದ್ರೆ ಮೂರನೇ ಸಿಲಿಂಡರ್‌ನಲ್ಲಿ ಗೀರು ಬಿದ್ದಿದೆ. ನೀನೇ ಟಾರ್ಚ್ ಬಿಟ್ಟು ನೋಡು."

ಹುಡುಗ ಟಾರ್ಚ್ ಬಿಟ್ಟ. ಆಮೇಲೆ ಬೆರಳ ಉಗುರನ್ನು ಸಿಲಿಂಡರಿನ ಗೋಡೆಯ ಮೇಲೆ ಎಳೆದ. ಗೀರು ಉಗುರಿಗೆ ತಾಗಿತು. "ಮುಂಚೆ ಬೋರ್ ಮಾಡ್ಸಿದ್ರಾ?"

"ನಮ್ಮ ತಂದೆ ಒಂದ್ಸಲ ಮಾಡ್ಸಿದ್ರು. ಪಿಸ್ಟನ್ ತಲೆ ಮೇಲೆ ನೋಡು, 20 ಅಂತ ಹೊಡೆದಿದೆ."

ಅಂದರೆ ಸಿಲಿಂಡರನ್ನು ಕೊರೆದು ಅಗಲಿಸಿದ್ದು ಒಂದೇ ಸಲ, ಇನ್ನೊಂದು ಸಲ ಬೋರ್ ಮಾಡಿಸಲು ಬ್ಲಾಕಿನಲ್ಲಿ ಜಾಗ ಉಳಿದಿದೆ ಎಂದು ಅರ್ಥ. ಹುಡುಗನ ಮುಖ ಅರಳಿತು. ಆಮೇಲೆ ಅವನು ಜೇಬಿನಿಂದ ಒಂದು ಅಯಸ್ಕಾಂತ ತೆಗೆದು ಕರವಸ್ತ್ರದಲ್ಲಿ ಸುತ್ತಿ, ಬಾಡಿಯ ಮೇಲೆಲ್ಲ ಮೆಲ್ಲಗೆ ಸರಿಸುತ್ತ ಹೋದ. ತಗಡು ಇರುವಲ್ಲಿ ಅದು ಹಿಡಿದುಕೊಳ್ಳುತ್ತದೆ. ದಪ್ಪಗೆ ಪುಟ್ಟಿ ಮೆತ್ತಿದ ಕಡೆ ಕೈಗೇ ಬರುತ್ತದೆ. ಎಡಬಾಗಿಲ ಕೆಳಗೆ ಅಯಸ್ಕಾಂತ ಕೈಗೆ ಬಂತು. ಅವನು ಬಾಯಿ ತೆರೆಯುವ ಮೊದಲೇ ಮೇಷ್ಟ್ರು, "ಅಲ್ಲಿ ತಗಡು ಉಳಿದಿಲ್ಲ ಕಣಪ್ಪ, ಬರೀ ಪುಟ್ಟಿ. ಡಿಕ್ಕಿ ಕೆಳಗೆ ಚಾಸಿಯೂ ಒಂದು ಕಡೆ ತಿಂದುಹೋಗಿದೆ. ಬಗ್ಗು, ತೋರಿಸ್ತೀನಿ," ಅಂದರು. ಇಬ್ಬರೂ ನೆಲದ ಮೇಲೆ ಗೋಣಿಚೀಲ ಹಾಸಿಕೊಂಡು ಮಲಗಿದರು. ಸ್ಕ್ರೂಡ್ರೈವರ್ ತುದಿಯಿಂದ ಮೇಷ್ಟ್ರು ತಾವೇ ಆ ಜಾಗವನ್ನು ಚುಚ್ಚಿ ತೋರಿಸಿದರು. ತುಕ್ಕಿನ ಹೆಕ್ಕಳಿಕೆ ಇಬ್ಬರ ಮೇಲೂ ಉದುರಿತು.

ಆ ವ್ಯಾಪಾರದಲ್ಲಿ ಚೌಕಾಸಿ ಹೆಚ್ಚು ನಡೆಯಲಿಲ್ಲ. ಕೊಳ್ಳುವವನು ಅನುಮಾನದಿಂದ ಬೆಲೆ ಇಳಿಸುತ್ತಾನೆ. ಕಾಣದೆ ಇರುವುದು ಏನೇನಿದೆಯೋ ಎಂಬ ಭಯಕ್ಕೆ ಅವನು ಒಂದು ಮೊತ್ತ ಕಳೆಯುತ್ತಾನೆ. ಎಲ್ಲವನ್ನೂ ತೋರಿಸಿದ ಮೇಲೆ ಆ ಭಯಕ್ಕೆ ಜಾಗ ಇರುವುದಿಲ್ಲ. ಒರಟು ಸ್ಥಿತಿಯ ಕಾರನ್ನು ಮಾರುವವರಿಗೆ ನಾನು ಕೊಡುವ ಸಲಹೆಗಳಲ್ಲಿ ಇದೇ ಮುಖ್ಯ. ಕೆಟ್ಟ ಜಾಗವನ್ನು ಮೊದಲು ತೋರಿಸಿ. ಫೋಟೊ ಕಳಿಸುವಾಗಲೂ ಹಾಗೆಯೇ. ಮುಂದಿನಿಂದ, ಪಕ್ಕದಿಂದ ತೆಗೆದ ಚೆಂದದ ಫೋಟೊ ಯಾರಿಗೂ ಏನೂ ಹೇಳುವುದಿಲ್ಲ. ಅಡಿಯಿಂದ ತೆಗೆಯಿರಿ. ಕಾಲಿಡುವ ಜಾಗದ ಮ್ಯಾಟು ಎತ್ತಿ ತೆಗೆಯಿರಿ. ಡಬ್ಬಗಳಲ್ಲಿರುವ ಸಾಮಾನನ್ನು ಹಳೆಯ ಬೆಡ್‌ಶೀಟಿನ ಮೇಲೆ ಸಾಲಾಗಿ ಹರವಿ ತೆಗೆಯಿರಿ. ಹಾಗೆ ಹರವಿದಾಗ ಏನು ಇಲ್ಲ ಅನ್ನುವುದು ನಿಮಗೇ ಗೊತ್ತಾಗುತ್ತದೆ.

ಮಾರುವ ಮುಂಚೆ ಒಂದು ಕೋಟ್ ಬಣ್ಣ ಹೊಡೆಸಿ ಎಂದು ಹೇಳುವವರು ನಿಮ್ಮ ಸುತ್ತ ಇದ್ದೇ ಇರುತ್ತಾರೆ. ದಯವಿಟ್ಟು ಬೇಡ. ತುಕ್ಕಿನ ಮೇಲೆ ಹೊಡೆದ ಹೊಸ ಬಣ್ಣ ಕಂಡ ಕೂಡಲೇ ತಿಳಿದವರು ಹಿಂದೆ ಸರಿಯುತ್ತಾರೆ, ತಿಳಿಯದವರು ಮೋಸ ಹೋಗುತ್ತಾರೆ. ಎರಡೂ ಒಳ್ಳೆಯದಲ್ಲ. ಖರ್ಚು ಮಾಡಲೇಬೇಕು ಅಂದರೆ ಕಾರನ್ನು ಉರುಳುವಂತೆ ಮಾಡಿ. ನಾಲ್ಕು ಚಕ್ರ ಹಾಕಿ, ಹಳೆಯ ಟೈರಾದರೂ ಸರಿ ಗಾಳಿ ತುಂಬಿಸಿ, ಸ್ಟಿಯರಿಂಗ್ ಕೂಡಿಸಿ. ಸೈಜುಗಲ್ಲಿನ ಮೇಲೆ ಕುಳಿತ ಕಾರನ್ನು ಒಯ್ಯಲು ಆರು ಆಳು, ಜಾಕಿ, ಕ್ರೇನು ಬೇಕು. ಉರುಳುವ ಕಾರನ್ನು ಇಬ್ಬರು ತಳ್ಳಿ ಲಾರಿಗೆ ಹತ್ತಿಸುತ್ತಾರೆ. ಇಷ್ಟು ಮಾಡಿದರೂ ಬ್ರೇಕು ಇಲ್ಲದ ಕಾರನ್ನು ಹಗ್ಗ ಕಟ್ಟಿ ಎಳೆದೊಯ್ಯಲು ಮಾತ್ರ ಬಿಡಬೇಡಿ.

ಹೆರಾಲ್ಡಿನ ವಿಷಯದಲ್ಲಿ ಪ್ರಾಣದ ಪ್ರಶ್ನೆಯೂ ಒಂದಿದೆ. ಮುಂದಿನ ಚಕ್ರದ ಹಿಂದೆ, ಕೆಳಗಡೆ, ಟ್ರನಿಯನ್ ಅನ್ನುವ ಕಂಚಿನ ತುಂಡು ಇದೆ. ಚಕ್ರವನ್ನು ಹೊತ್ತ ಕಬ್ಬಿಣದ ಕಂಬದ ತುದಿಗೆ ತಿರುಪಿನ ಮರೆ ಕೊರೆದು ಅದರೊಳಗೆ ತಿರುಗಿಸಿರುತ್ತಾರೆ. ಸ್ಟಿಯರಿಂಗ್ ತಿರುಗಿಸಿದಾಗಲೆಲ್ಲ ಚಕ್ರ ಆ ಮರೆಯ ಮೇಲೇ ತಿರುಗುತ್ತದೆ. ಇದಕ್ಕೆ ಹಾಕಬೇಕಾದದ್ದು ಗೇರ್ ಆಯಿಲ್. ನಮ್ಮ ಗ್ಯಾರೇಜುಗಳಲ್ಲಿ ಎಲ್ಲ ಕಾರುಗಳಿಗೂ ಹೊಡೆದಂತೆ ಇದಕ್ಕೂ ಗ್ರೀಸು ಹೊಡೆಯುತ್ತಾರೆ. ಗ್ರೀಸು ಗಟ್ಟಿಯಾಗಿ ಮರೆಯೊಳಗೆ ಇಳಿಯುವುದಿಲ್ಲ, ನೀರು ಸೇರುತ್ತದೆ, ತುಕ್ಕು ಹಿಡಿದು ಒಂದು ದಿನ ಕಂಬ ತುಂಡಾಗಿ ಚಕ್ರ ಮಡಚಿಕೊಳ್ಳುತ್ತದೆ. ನಿಮ್ಮ ಕಾರಿಗೆ ಗ್ರೀಸು ಹಾಕಿದ್ದು ಗೊತ್ತಿದ್ದರೆ ಕೊಳ್ಳುವವರಿಗೆ ಹೇಳಿಬಿಡಿ. ಅದನ್ನು ಬಚ್ಚಿಟ್ಟು ಗಳಿಸುವ ದುಡ್ಡು ಯಾರಿಗೂ ಬೇಡ. ಎಂಜಿನ್ನಿನಲ್ಲೂ ಹೀಗೇ ಒಂದು ಗುಟ್ಟಿದೆ. ಕ್ರ್ಯಾಂಕನ್ನು ಹಿಂದೆ ಮುಂದೆ ಸರಿಯದಂತೆ ಹಿಡಿಯುವ ಅರ್ಧಚಂದ್ರಾಕಾರದ ವಾಷರುಗಳು ಸವೆದರೆ ಕಳಚಿ ಕೆಳಗಿನ ಆಯಿಲ್ ಸಂಪಿಗೆ ಬೀಳುತ್ತವೆ. ಬಲ್ಲವರು ಮುಂದಿನ ಪುಲ್ಲಿಯನ್ನು ಹಿಡಿದು ಎಳೆದು ನೂಕಿ ನೋಡುತ್ತಾರೆ. ಅದು ಕಣ್ಣಿಗೆ ಕಾಣುವಷ್ಟು ಅಲ್ಲಾಡಿದರೆ ಎಂಜಿನ್ ಪೂರ್ತಿ ಬಿಚ್ಚುವ ಕೆಲಸ ಇದೆ ಎಂದೇ ಲೆಕ್ಕ.

ಇನ್ನು ಬೆಲೆಯ ಮಾತು. ಮಾರುವವರ ಮನಸ್ಸಿನಲ್ಲಿ ಇರುವುದು ತಾವು ಹಾಕಿದ ದುಡ್ಡು. ಕೊಳ್ಳುವವರ ಮನಸ್ಸಿನಲ್ಲಿ ಇರುವುದು ತಾವು ಇನ್ನು ಹಾಕಬೇಕಾದ ದುಡ್ಡು. ಟಿಂಕರಿಂಗ್, ಪೇಂಟಿಂಗ್, ಸೀಟಿನ ಕೆಲಸ, ಕ್ರೋಮಿಂಗ್, ಟೈರು, ವೈರಿಂಗ್, ಇವನ್ನೆಲ್ಲ ಇವತ್ತಿನ ಕೂಲಿಯಲ್ಲಿ ಮಾಡಿಸಿದರೆ, ಸಾಧಾರಣ ಕಾರುಗಳಲ್ಲಿ ಒಟ್ಟು ಖರ್ಚು ಮುಗಿದ ಕಾರಿನ ಮಾರುಕಟ್ಟೆ ಬೆಲೆಯನ್ನು ದಾಟಿಬಿಡುವುದೇ ಹೆಚ್ಚು. ಇದು ಈ ಹವ್ಯಾಸದಲ್ಲಿರುವ ಎಲ್ಲರಿಗೂ ತಿಳಿದ ಮಾತು. ಆದ್ದರಿಂದ ಲಾಭಕ್ಕೆ ಕೊಳ್ಳುವವರು ಇಂಥ ಕಾರಿನ ಹತ್ತಿರ ಬರುವುದಿಲ್ಲ. ಬಂದರೆ ಬಿಡಿಸಿ ಮಾರಲು ಬರುತ್ತಾರೆ. ಕೆಲಸದ ಮೇಲಿನ ಪ್ರೀತಿಗೆ ಕೊಳ್ಳುವವರು ಬೇರೆ ಇದ್ದಾರೆ, ಅವರ ಕೈಯಲ್ಲಿ ದುಡ್ಡು ಕಡಮೆ. ನಾನಾದರೆ ಎರಡನೆಯವರಿಗೆ ಸ್ವಲ್ಪ ಕಡಮೆಗೇ ಕೊಡಿ ಎನ್ನುತ್ತೇನೆ.

ಬೆಲೆಯನ್ನು ತೀರ್ಮಾನಿಸುವುದು ಎಂಜಿನ್ ಎಂದು ಬಹಳ ಜನ ತಿಳಿದಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಎಂಜಿನ್ನಿನ ಕೆಲಸವನ್ನು ಲೇತಿನವರು, ಬೋರಿಂಗಿನವರು ಇವತ್ತಿಗೂ ಮಾಡಿಕೊಡುತ್ತಾರೆ. ಬುಷ್ ಬೇಕಾದರೆ ಕಡೆದು ಕೊಡುತ್ತಾರೆ, ಗ್ಯಾಸ್ಕೆಟ್ ಕತ್ತರಿಸಿ ಕೊಡುತ್ತಾರೆ. ಮುಂದಿನ ಬಾಗಿದ ಗಾಜು ಒಡೆದಿದ್ದರೆ? ಹೆಡ್‌ಲೈಟಿನ ರಿಮ್ಮು, ಬಾನೆಟ್ಟಿನ ಮೇಲಿನ ಅಕ್ಷರಗಳು, ಬಾಗಿಲ ಹಿಡಿಕೆ, ಮೀಟರು, ಸ್ಟಿಯರಿಂಗ್ ನಡುವಿನ ಹಾರ್ನ್ ಬಟನ್ನು ಕಳೆದುಹೋಗಿದ್ದರೆ? ಅದಕ್ಕಾಗಿ ಬೆಂಗಳೂರಿನ ಶಿವಾಜಿನಗರದ ಗುಜರಿ, ಜೆ.ಸಿ. ರಸ್ತೆಯ ಹಳೆಯ ಸ್ಪೇರ್ ಅಂಗಡಿಗಳು, ಚೆನ್ನೈನ ಪುದುಪೇಟೆ ಎಲ್ಲ ಸುತ್ತಬೇಕು. ಹೆರಾಲ್ಡ್ ಹುಟ್ಟಿದ ಊರು ಮದರಾಸಾದ್ದರಿಂದ ಪುದುಪೇಟೆಯ ಹೆಸರು ಹೆರಾಲ್ಡಿನವರ ಬಾಯಲ್ಲಿ ಸದಾ ಇರುತ್ತದೆ. ಸುತ್ತಿದರೂ ಸಿಗುತ್ತದೆ ಎಂಬ ಭರವಸೆ ಇಲ್ಲ. ಅಂಗೈಯಲ್ಲಿ ಹಿಡಿಯುವಂಥ ಈ ಸಣ್ಣ ಸಾಮಾನುಗಳೇ ಮನೆಯಲ್ಲಿ ಕಳೆದುಹೋಗುವುದು ಹೆಚ್ಚು. ಅಟ್ಟದ ಮೇಲೆ, ಹಳೆಯ ಟ್ರಂಕಿನಲ್ಲಿ, ದೇವರ ಮನೆಯ ಗೂಡಿನಲ್ಲಿ ಕೂಡ ಹುಡುಕಿ.

ಈ ಹಂತದಲ್ಲಿ ಒಬ್ಬರು ಬಂದು, "ಕಾರು ನಿಮ್ಮ ಹತ್ರಾನೇ ಇರ್ಲಿ ಸಾರ್, ಮೀಟರು, ದೀಪ, ಗ್ರಿಲ್ಲು ಮಾತ್ರ ಕೊಡಿ, ಒಳ್ಳೆ ರೇಟ್ ಕೊಡ್ತೀನಿ," ಅನ್ನುತ್ತಾರೆ. ಒಪ್ಪಬೇಡಿ. ಮೀಟರು ಹೋದ ಮೇಲೆ ಬಾಗಿಲು ಕೇಳುವವರು ಬರುತ್ತಾರೆ, ಬಾಗಿಲು ಹೋದ ಮೇಲೆ ಗೇರ್‌ಬಾಕ್ಸ್. ಕೊನೆಗೆ ಉಳಿದ ಚಾಸಿ ಗುಜರಿಗೆ ಕಿಲೋ ಲೆಕ್ಕದಲ್ಲಿ ಹೋಗುತ್ತದೆ. ಬಿಡಿ ಬಿಡಿಯಾಗಿ ಮಾರಿದರೆ ದುಡ್ಡು ಸ್ವಲ್ಪ ಹೆಚ್ಚು ಬರಬಹುದು, ಇಲ್ಲವೆನ್ನುವುದಿಲ್ಲ. ಆದರೆ ಒಂದು ಪೂರ್ತಿ ಹೆರಾಲ್ಡ್ ಲೋಕದಿಂದ ಹೋಗಿರುತ್ತದೆ. ಚಾಸಿ ಎಲ್ಲ ಕಡೆ ಮುರಿದು, ಕಾಗದಪತ್ರ ಒಂದೂ ಇಲ್ಲದೆ, ಕಾರು ಮತ್ತೆ ರಸ್ತೆಗೆ ಬರುವ ದಾರಿಯೇ ಇಲ್ಲದಿದ್ದರೆ ಆ ಮಾತು ಬೇರೆ. ಆಗಲೂ ಇಡಿಯಾಗಿ, ಇನ್ನೊಂದು ಹೆರಾಲ್ಡನ್ನು ಎಬ್ಬಿಸುತ್ತಿರುವವರಿಗೇ ಕೊಡಿ.

ಕಾಗದಪತ್ರದ ಮಾತನ್ನು ಬೇಕೆಂದೇ ಈವರೆಗೆ ತಡೆದಿಟ್ಟಿದ್ದೆ, ಅದು ಎಲ್ಲಕ್ಕಿಂತ ದೊಡ್ಡದು. ಆರ್.ಸಿ. ಪುಸ್ತಕ ಇಲ್ಲದ ಕಾರು ಎಷ್ಟೇ ಚೆನ್ನಾಗಿದ್ದರೂ ಬಿಡಿ ಸಾಮಾನಿನ ರಾಶಿಯೇ. ಹಳೆಯ ಕಾರುಗಳ ಆರ್.ಸಿ. ಸಾಮಾನ್ಯವಾಗಿ ತೀರಿಹೋದ ಹಿರಿಯರ ಹೆಸರಿನಲ್ಲಿರುತ್ತದೆ. ಆಗ ಮೊದಲು ವಾರಸುದಾರರ ಹೆಸರಿಗೆ ಮಾಡಿಸಿಕೊಳ್ಳಬೇಕು, ಅದಕ್ಕೆ ಫಾರಂ 31. ಅಣ್ಣ ತಮ್ಮ, ಅಕ್ಕ ತಂಗಿಯರ ಒಪ್ಪಿಗೆಯನ್ನು ಈಗಲೇ ಬರೆಸಿಕೊಳ್ಳುವುದು ಎಲ್ಲರಿಗೂ ಕ್ಷೇಮ. ಪುಸ್ತಕ ಕಳೆದುಹೋಗಿದ್ದರೆ ಆರ್‌ಟಿಒ ಕಚೇರಿಯಲ್ಲಿ ಬಿ ಎಕ್ಸ್‌ಟ್ರಾಕ್ಟ್ ಕೇಳಿ. ಕಾರು ಯಾರ ಹೆಸರಿನಲ್ಲಿದೆ, ಎಂಜಿನ್ ನಂಬರು, ಚಾಸಿ ನಂಬರು ಯಾವುದು ಎಂಬುದು ಅದರಲ್ಲಿರುತ್ತದೆ. ಆಮೇಲೆ ಪೊಲೀಸ್ ದೂರು ಕೊಟ್ಟು, ಫಾರಂ 26 ತುಂಬಿ ನಕಲು ಆರ್.ಸಿ.ಗೆ ಅರ್ಜಿ ಹಾಕಬಹುದು. ಆ ಕಾಲದಲ್ಲಿ ಬ್ಯಾಂಕಿನ ಸಾಲದಿಂದ ಕೊಂಡ ಕಾರಾದರೆ, ಸಾಲ ಎಂದೋ ತೀರಿದ್ದರೂ ಪುಸ್ತಕದಲ್ಲಿ ಬ್ಯಾಂಕಿನ ಹೆಸರು ಹಾಗೇ ಉಳಿದಿರಬಹುದು. ಅದನ್ನು ತೆಗೆಸಲು ಫಾರಂ 35. ಮಾರಾಟಕ್ಕೆ ಫಾರಂ 29 ಮತ್ತು 30. ರಾಜ್ಯದೊಳಗೇ ಮಾರಿದರೆ 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು ಎಂದು ಮೋಟಾರು ವಾಹನ ಕಾಯಿದೆ ಹೇಳುತ್ತದೆ. ಓಡದ ಕಾರು ತಾನೇ ಎಂದು ಇದನ್ನು ಬಿಡುವವರಿದ್ದಾರೆ. ನಾಳೆ ಅದು ಓಡುತ್ತದೆ, ಆಗ ಏನಾದರೂ ಆದರೆ ಪುಸ್ತಕದಲ್ಲಿರುವುದು ನಿಮ್ಮ ಹೆಸರು.

ಚಾಸಿ ನಂಬರನ್ನು ಕಣ್ಣಿನಲ್ಲಿ ಕಣ್ಣಿಟ್ಟು ಕಾಯಿರಿ. ಅರ್ಜಿಯ ಮೇಲೆ ಅದರ ಪೆನ್ಸಿಲ್ ಅಚ್ಚು ಕೇಳುತ್ತಾರೆ. ಕಾಗದವನ್ನು ನಂಬರಿನ ಮೇಲಿಟ್ಟು ಪೆನ್ಸಿಲ್ ಉಜ್ಜಿ ತೆಗೆಯುವ ಅಚ್ಚು. ಟಿಂಕರಿಂಗಿನವರು ತುಕ್ಕು ತೆಗೆಯುವ ಭರದಲ್ಲಿ ಗ್ರೈಂಡರ್ ಹಿಡಿದು ಆ ಅಕ್ಷರಗಳನ್ನೂ ಉಜ್ಜಿಬಿಟ್ಟರೆ ಆ ಕಾರಿನ ಗುರುತೇ ಅಳಿಸಿಹೋದಂತೆ. ಮಾರುವ ಮೊದಲೇ ಒಂದು ಅಚ್ಚು ತೆಗೆದು ಆರ್.ಸಿ. ಜೊತೆ ಇಡಿ, ಆಮೇಲೆ ನಂಬರಿನ ಮೇಲೆ ಸ್ವಲ್ಪ ಗ್ರೀಸು ಸವರಿ ಬಟ್ಟೆ ಕಟ್ಟಿ.

ಇನ್ನೊಂದು ಕಾನೂನನ್ನು ಮಾರುವವರೂ ಕೊಳ್ಳುವವರೂ ತಿಳಿದಿರಬೇಕು. ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ವಿಂಟೇಜ್ ವಾಹನಗಳಿಗೆಂದೇ ನಿಯಮ ತಂದಿತು. ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಸ್ವಂತ ಬಳಕೆಯ ಕಾರು ಮತ್ತು ದ್ವಿಚಕ್ರ ವಾಹನಗಳಿಗೆ ಅದು ಅನ್ವಯ. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷದ ಅವಧಿ, ನವೀಕರಣಕ್ಕೆ 5,000. ಹೊಸದಾಗಿ ನೋಂದಣಿ ಆದವಕ್ಕೆ ನಂಬರಿನ ನಡುವೆ ವಿಎ ಎಂಬ ಅಕ್ಷರಗಳು ಬರುತ್ತವೆ. ಈಗಾಗಲೇ ನಂಬರು ಇರುವ ಕಾರುಗಳು ಹಳೆಯ ನಂಬರನ್ನೇ ಉಳಿಸಿಕೊಳ್ಳಬಹುದು. ಹಳೆ ಮೈಸೂರಿನ ಎಂವೈ ಅಕ್ಷರಗಳಿಂದ ಶುರುವಾಗುವ ನಂಬರು ಹೊತ್ತ ಕಾರು ನಿಮ್ಮಲ್ಲಿದ್ದರೆ ಅದರ ಬೆಲೆ ಆ ನಂಬರಿನಲ್ಲೂ ಇದೆ. ವಿಂಟೇಜ್ ಆಗಿ ನೋಂದಣಿಯಾದ ಕಾರನ್ನು ದಿನನಿತ್ಯ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲು ಇಂಥ ಕಾರಣಕ್ಕೆ ಹೊರತರಬಹುದು.

ಈ ನಿಯಮದಲ್ಲಿ ಒಂದು ಷರತ್ತಿದೆ. ಚಾಸಿ, ಬಾಡಿ, ಎಂಜಿನ್ನಿಗೆ ದೊಡ್ಡ ಮಾರ್ಪಾಡು ಆಗಿರಬಾರದು. ನಮ್ಮಲ್ಲಿ ಹಳೆಯ ಕಾರಿನ ಎಂಜಿನ್ ಕೈಕೊಟ್ಟರೆ ಮೇಸ್ತ್ರಿಗಳು ಥಟ್ಟನೆ ಹೇಳುವುದು, "ಮಾರುತಿ ಎಂಜಿನ್ ಕೂರಿಸಿಬಿಡೋಣ ಸಾರ್, ಓಡಾಡ್ಕೊಂಡಿರುತ್ತೆ." ಹಾಗೆ ಓಡಾಡಿಕೊಂಡಿದ್ದ ಕಾರುಗಳ ಮೂಲ ಎಂಜಿನ್‌ಗಳು ಎಷ್ಟೋ ಗುಜರಿಗೆ ಹೋದವು. ನಿಮ್ಮ ಶೆಡ್ಡಿನಲ್ಲಿ ಮೂಲ ಎಂಜಿನ್ ಹಿಡಿದುಕೊಂಡು, ತಿರುಗದೆ, ಮೂಲೆಯಲ್ಲಿ ಬಿದ್ದಿದ್ದರೂ ಅದನ್ನು ಬಿಸಾಡಬೇಡಿ. ಅದರ ಮೇಲಿನ ನಂಬರು ಆರ್.ಸಿ.ಯಲ್ಲಿರುವ ನಂಬರಿನ ಜೊತೆ ಹೊಂದುತ್ತದೆಯೇ ನೋಡಿ, ಹೊಂದಿದರೆ ಅದನ್ನು ಕಾರಿನ ಜೊತೆಗೇ ಕೊಡಿ. ಹಿಡಿದುಕೊಂಡ ಎಂಜಿನ್ನಿನ ಪ್ಲಗ್ಗು ಬಿಚ್ಚಿ, ಸಿಲಿಂಡರುಗಳಿಗೆ ಡೀಸೆಲ್ಲೋ ತೆಳು ಎಣ್ಣೆಯೋ ಹಾಕಿ ಬಿಡಿ, ಕೆಲವು ವಾರ ನೆನೆಯಲಿ. ಬಲ ಹಾಕಿ ತಿರುಗಿಸಲು ಹೋಗಬೇಡಿ.

ವ್ಯಾಪಾರ ಕುದುರಿದಾಗ ಒಂದು ಹಾಳೆಯ ಮೇಲೆ ಎಲ್ಲ ಬರೆಯಿರಿ. ಕಾರು ಓಡುವ ಸ್ಥಿತಿಯಲ್ಲಿಲ್ಲ, ಇಂಥ ಇಂಥ ಕಡೆ ತುಕ್ಕು, ಇಂಥ ಸಾಮಾನು ಇಲ್ಲ, ಇಷ್ಟು ಡಬ್ಬ ಕೊಟ್ಟಿದ್ದೇನೆ ಎಂದು ಬರೆದು ಇಬ್ಬರೂ ಸಹಿ ಹಾಕಿ. ಟೋಕನ್ ಅಡ್ವಾನ್ಸ್ ಪಡೆದಿದ್ದರೆ ಅದಕ್ಕೂ ರಸೀದಿ ಕೊಡಿ. ಕಾರು ಹೋಗುವ ದಿನ ಇಡೀ ಸಾಮಾನು ಒಂದೇ ಸಲ ಹೋಗಬೇಕು. ಉಳಿದದ್ದನ್ನು ಮುಂದಿನ ವಾರ ಒಯ್ಯುತ್ತೇನೆ ಎಂದು ಬಿಟ್ಟುಹೋದ ಬಾಗಿಲುಗಳು ಅಲ್ಲೇ ಉಳಿದುಬಿಡುತ್ತವೆ.

ಯಾರಿಗೆ ಮಾರಬೇಕು ಎಂದು ನನ್ನನ್ನು ಕೇಳುವವರಿಗೆ ನಾನು ಹೇಳುವುದು: ಬಂದವರಿಗೆ ಕಾರು ತೋರಿಸುವ ಮೊದಲು ಅವರ ಕೈಯಲ್ಲಿ ಈಗ ಏನು ಕೆಲಸ ನಡೆಯುತ್ತಿದೆ ಎಂದು ಕೇಳಿ. ಹಿಂದೆ ಒಂದಾದರೂ ಕಾರನ್ನು, ಬೈಕನ್ನಾದರೂ, ಮುಗಿಸಿ ಓಡಿಸಿದವರಾದರೆ ಒಳ್ಳೆಯದು. ಬೆಂಗಳೂರಿನಲ್ಲಿ ಕರ್ನಾಟಕ ವಿಂಟೇಜ್ ಅಂಡ್ ಕ್ಲಾಸಿಕ್ ಕಾರ್ ಕ್ಲಬ್ ಇದೆ. ಹಳೆಯ ಕಾರು ಸಾಕಿದವರ ಪರಿಚಯ ಅಂಥ ಕಡೆ ಸಿಗುತ್ತದೆ. ಧರ್ಮಸ್ಥಳಕ್ಕೆ ಹೋದವರು ಅಲ್ಲಿಯ ಹಳೆಯ ಕಾರುಗಳ ಸಂಗ್ರಹವನ್ನು ನೋಡಿರುತ್ತೀರಿ. ರಾಜಮನೆತನಗಳ ದೊಡ್ಡ ಕಾರುಗಳಿಗೆ ಅಂಥ ಕಡೆ ಹೇಗೋ ಆಶ್ರಯ ಸಿಗುತ್ತದೆ. ಊರಿನ ಡಾಕ್ಟರು ರಾತ್ರಿ ಹೊತ್ತು ಹಳ್ಳಿಗೆ ಓಡಿಸಿಕೊಂಡು ಹೋಗುತ್ತಿದ್ದ, ವಕೀಲರು ಕೋರ್ಟಿಗೆ ತರುತ್ತಿದ್ದ, ಮದುವೆ ದಿಬ್ಬಣದಲ್ಲಿ ಮುಂದೆ ನಿಂತ ಹೆರಾಲ್ಡು, ಫಿಯಟ್ಟು, ಮಾರಿಸ್ ಮೈನರುಗಳಿಗೆ ಅರಮನೆಯೂ ಇಲ್ಲ, ಮ್ಯೂಸಿಯಮ್ಮೂ ಅಪರೂಪ. ಅವು ಉಳಿಯಬೇಕಾದರೆ ನಿಮ್ಮ ಶೆಡ್ಡಿನಿಂದ ಇನ್ನೊಬ್ಬರ ಶೆಡ್ಡಿಗೆ ಕ್ಷೇಮವಾಗಿ ತಲುಪಬೇಕು.

ಹಾಸನದ ಆ ಹೆರಾಲ್ಡ್ ಈಗ ಪೀಣ್ಯದಲ್ಲಿದೆ. ಚಾಸಿಯ ತುಕ್ಕು ಕತ್ತರಿಸಿ ಹೊಸ ತಗಡು ಬೆಸೆದಿದ್ದಾರೆ, ಎಂಜಿನ್ ಬೋರಿಂಗಿಗೆ ಹೋಗಿದೆ. ಬಿಲ್ಲೆಗಳ ಲೆಕ್ಕ ನೋಟ್‌ಬುಕ್ಕಿನಂತೆಯೇ ಇಟ್ಟಾಗ ಎಡಬಾಗಿಲು ಒಂದೇ ಸಲಕ್ಕೆ ಹಾಕಿಕೊಂಡಿತಂತೆ. ಹುಡುಗ ಮೇಷ್ಟ್ರಿಗೆ ಫೋನು ಮಾಡಿ ಹೇಳಿದ್ದಾನೆ.

ಇಂಥ ಕಾರು ನಿಮ್ಮಲ್ಲಿದ್ದರೆ, ಬಿಚ್ಚಿದವರು ಇನ್ನೂ ನಿಮ್ಮೊಡನಿದ್ದರೆ, ಬರುವ ಭಾನುವಾರವೇ ಅವರನ್ನು ಶೆಡ್ಡಿನಲ್ಲಿ ಒಂದು ಕುರ್ಚಿ ಹಾಕಿ ಕೂರಿಸಿ. ಒಂದೊಂದು ಡಬ್ಬ ತೆರೆದು ತೋರಿಸಿ, ಅವರು ಹೇಳಿದ್ದನ್ನು ಬರೆದುಕೊಳ್ಳಿ. ಅದಕ್ಕೂ ಮೊದಲು ಆರ್.ಸಿ. ಪುಸ್ತಕ ಎಲ್ಲಿದೆ ಎಂದು ಹುಡುಕಿ.